ಡಿಸೆಂಬರಿನಲ್ಲಿ ಊರಿಗೆ ಹೊರಡುವ ಮುಂಚೆ: ನಮ್ಮ ಮನೆಯ ನೀರು, ಬಿಸಿ

ನಾವಿರುವುದು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಇಲ್ಲಿಯ ಕನ್ನಡದವರಲ್ಲಿ ಎಷ್ಟೋ ಮಂದಿ ಊರಿಗೆ ಹೋಗುವುದು ಡಿಸೆಂಬರಿನಲ್ಲೇ, ಮಕ್ಕಳಿಗೆ ಆಗ ರಜ. ಸರಿಯಾಗಿ ಚಳಿ ಏರುವ ಹೊತ್ತಿಗೆ ಮನೆ ಖಾಲಿ. ಚಳಿ ಅಂದರೆ ಎಂಥದ್ದು? 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ದಾಖಲಾಗಿತ್ತು. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಮೈನಸ್ 31. ಅಂಥ ಚಳಿಯಲ್ಲಿ ಮನೆ ತಣ್ಣಗಾಯಿತೋ, ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಬಹುದು.

"ಹೀಟಿಂಗ್ ಆನ್ ಇಟ್ಟೇ ಹೋಗ್ತೀವಲ್ಲ, ಸಾಲದಾ?" ಅಂತ ಹೊಸದಾಗಿ ಮನೆ ಕೊಂಡವರು ಕೇಳುತ್ತಾರೆ. ಸಾಲದು. ಮನೆ ಬಿಸಿ ಮಾಡಲು ನಮ್ಮದು ಗ್ಯಾಸ್ ಫರ್ನೇಸ್. ಗ್ಯಾಸ್ ಇದ್ದರೂ ಹೊತ್ತಿಕೊಳ್ಳುವುದಕ್ಕೆ, ಬಿಸಿಗಾಳಿ ತಳ್ಳುವ ಬ್ಲೋವರ್ ತಿರುಗುವುದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದರೆ ಫರ್ನೇಸೂ ನಿಂತಿತು. ಗಾಳಿ ಎಳೆದುಕೊಳ್ಳಲು, ಹೊಗೆ ಬಿಡಲು ಹೊರಗೋಡೆಯಿಂದ ಚಾಚಿಕೊಂಡಿರುವ ಅದರ ಬಿಳಿ ಪಿವಿಸಿ ಪೈಪುಗಳ ಬಾಯಿಗೆ ಹಿಮ ಕಟ್ಟಿಕೊಂಡರೂ ಅಷ್ಟೆ, ನಿಂತುಬಿಡುತ್ತದೆ. ನಾವು ಮನೆಯಲ್ಲಿದ್ದರೆ ಕಾಲಿಗೆ ಥಂಡಿ ಹತ್ತಿದಾಗಲೇ ಗೊತ್ತಾಗುತ್ತದೆ. ಮೈಸೂರಿನಲ್ಲಿ ಯಾರದೋ ಮದುವೆ ಊಟಕ್ಕೆ ಕೂತಿದ್ದರೆ? ಹಾಗಾಗಿ ನನ್ನ ಲೆಕ್ಕ ಇಷ್ಟೆ: ಹೀಟಿಂಗ್ ಕೈಕೊಡುತ್ತದೆ ಅಂತಲೇ ಇಟ್ಟುಕೊಳ್ಳಿ. ಕೈಕೊಟ್ಟಾಗ ಪೈಪಿನಲ್ಲಿ ನೀರಿರಬಾರದು.

ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಹೆಚ್ಚಾಗಿ ಹೆಪ್ಪುಗಟ್ಟಿದ ಜಾಗದಲ್ಲಲ್ಲ. ಆ ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಒತ್ತಡ ಏರಿ ಏರಿ ತಾಮ್ರದ ಪೈಪು ಸೀಳುತ್ತದೆ. (ಮನೆಯಲ್ಲಿದ್ದಾಗ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಡಿ ಅನ್ನುವುದು ಇದಕ್ಕೇ.) ಆಗ ಒಂದು ಹನಿಯೂ ಸೋರದೆ ಇರಬಹುದು. ಗಡ್ಡೆ ಕರಗಿದ ಮೇಲೆ ಶುರು. ಇಡೀ ಮನೆಗೆ ನೀರು ಬಿಡುವ ಮೇನ್ ವಾಲ್ವ್ ತೆರೆದಿದ್ದರೆ ಯಾರಾದರೂ ನೋಡುವವರೆಗೂ ನೀರು ಸುರಿಯುತ್ತಲೇ ಇರುತ್ತದೆ.

ತೋಟದ ನಲ್ಲಿಯಿಂದ ಹೋಸ್ ಕಳಚುವುದು ಅಕ್ಟೋಬರಿನಲ್ಲೇ ಆಗಿರುತ್ತದೆ. ಹೋಸ್ ಹಾಗೇ ಬಿಟ್ಟರೆ ಹೆಪ್ಪುಗಟ್ಟದಂತೆ ಮಾಡಿದ 'ಫ್ರಾಸ್ಟ್ ಫ್ರೀ' ನಲ್ಲಿಯೂ ಗೋಡೆಯೊಳಗೆ ಒಡೆಯುತ್ತದೆ. ಗೊತ್ತಾಗುವುದು ವಸಂತದಲ್ಲಿ ಗಿಡಕ್ಕೆ ನೀರು ಬಿಟ್ಟಾಗ!

ಹೊರಡುವ ದಿನ ಎಲ್ಲರ ಸ್ನಾನ, ಪಾತ್ರೆ ಮುಗಿದ ಮೇಲೆ ಬೇಸ್‌ಮೆಂಟಿಗೆ ಇಳಿದು ಮೀಟರ್ ಪಕ್ಕದ ಮೇನ್ ವಾಲ್ವ್ ಮುಚ್ಚುತ್ತೇನೆ. ಮೊದಲು ಚಕ್ರದ ಹಳೇ ವಾಲ್ವ್ ಇತ್ತು, ಅಂಥವು ವರ್ಷಗಟ್ಟಲೆ ಮುಟ್ಟದಿದ್ದರೆ ಬಿಗಿದುಕೊಳ್ಳುತ್ತವೆ. ಪ್ಲಂಬರ್ ಕೈಲಿ ಬಾಲ್ ವಾಲ್ವ್ ಹಾಕಿಸಿದೆ. ಹಿಡಿ ಪೈಪಿಗೆ ಅಡ್ಡ ಬಂತು ಅಂದರೆ ಬಂದ್, ಅನುಮಾನವೇ ಇಲ್ಲ. ಆಮೇಲೆ ಮಹಡಿಯ ನಲ್ಲಿಗಳನ್ನೆಲ್ಲ ತೆರೆದು, ಕೊನೆಗೆ ಬೇಸ್‌ಮೆಂಟಿನ ಬಟ್ಟೆ ಒಗೆಯುವ ಸಿಂಕಿನ ನಲ್ಲಿ ತೆರೆಯುತ್ತೇನೆ. ಮೇಲಿಂದ ಗಾಳಿ ಎಳೆದುಕೊಂಡು ಪೈಪಿನ ನೀರು ಕೆಳಗೆ ಇಳಿಯುತ್ತದೆ. ಟಾಯ್ಲೆಟ್‌ಗಳನ್ನು ಫ್ಲಶ್ ಮಾಡಿ ಟ್ಯಾಂಕ್ ಖಾಲಿ. ವಾಟರ್ ಹೀಟರ್ ಗುಂಡಿ 'ವೆಕೇಶನ್'ಗೆ. ಫರ್ನೇಸಿಗೆ ಅಂಟಿಕೊಂಡು ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೂ ನೀರಿನ ಲೈನ್ ಇದೆ, ಅದನ್ನೂ ಆಫ್ ಮಾಡಬೇಕು.

ಸಿಂಕ್ ಕೆಳಗಿನ ಬಾಗಿದ ಪೈಪಿನ ನೀರನ್ನು ಮಾತ್ರ ತೆಗೆಯಬಾರದು, ಚರಂಡಿ ವಾಸನೆ ತಡೆಯುವುದು ಅದೇ. ಅಲ್ಲಿಗೆ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ (ಮನೆಯಂಥ ಗಾಡಿಗಳ ನೀರಿನ ಪೈಪು ಹೆಪ್ಪುಗಟ್ಟದಂತೆ ಹಾಕುವ ದ್ರವ) ಸುರಿಯುತ್ತೇನೆ. ಕಾರಿಗೆ ಹಾಕುವ ಆಂಟಿಫ್ರೀಜ್ ವಿಷ, ಅದು ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಹೀಟಿಂಗ್ ಆಫ್ ಮಾಡುವುದಿಲ್ಲ. 55 ಫ್ಯಾರನ್‌ಹೀಟ್‌ಗಿಂತ ಇಳಿಸಬೇಡಿ ಅನ್ನುತ್ತಾರೆ, ನಾನು 60ಕ್ಕೆ ಇಡುತ್ತೇನೆ. ಗ್ಯಾಸ್ ಬಿಲ್ಲಿನಲ್ಲಿ ಉಳಿಯುವ ನಾಲ್ಕು ಕಾಸಿಗೆ ಜೀವ ಬಿಡುವುದು ಯಾಕೆ, ಅಲ್ವಾ? ಹೊಸ ಫಿಲ್ಟರ್, ಥರ್ಮೋಸ್ಟಾಟ್‌ಗೆ ಹೊಸ ಬ್ಯಾಟರಿ. ರೂಮುಗಳ ಬಾಗಿಲೆಲ್ಲ ತೆರೆದೇ ಇರುತ್ತವೆ. ಅಡುಗೆಮನೆ ಸಿಂಕ್ ಹೊರಗೋಡೆಗೆ ಅಂಟಿಕೊಂಡಿರುವುದರಿಂದ ಅದರ ಕೆಳಗಿನ ಕಪಾಟಿನ ಬಾಗಿಲೂ ಅಷ್ಟೆ.

ಮನೆ ತಣ್ಣಗಾದರೆ ಥರ್ಮೋಸ್ಟಾಟ್ ಫೋನಿಗೆ ಮೆಸೇಜ್ ಕಳಿಸುತ್ತದೆ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದಲ್ಲ, ಆಗ ಅದೂ ಇಲ್ಲ. ಅದಕ್ಕೇ ಪಕ್ಕದ ಬೀದಿಯ ಗೆಳೆಯರ ಹತ್ತಿರ ನಮ್ಮನೆ ಕೀ ಇರುತ್ತದೆ. ಜೋರಾಗಿ ಹಿಮ ಬಿದ್ದ ಮೇಲೆ ಆ ಬಿಳಿ ಪೈಪುಗಳನ್ನು ನೋಡಿ, ಒಳಗೊಂದು ಸುತ್ತು ಹಾಕಿ ಬರುತ್ತಾರೆ. ಅವರು ಊರಿಗೆ ಹೋದಾಗ ಆ ಕೆಲಸ ನನ್ನದು.

ಮನೆಯ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿ. ಹೀಟಿಂಗ್ ಇಟ್ಟಿರಬೇಕು, ಇಲ್ಲವೇ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿರಬೇಕು ಅಂತ ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ. ನಾನು ವಾಲ್ವ್, ಥರ್ಮೋಸ್ಟಾಟ್ ಎರಡರ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ನಿಮ್ಮದು ಬಾಯ್ಲರ್, ರೇಡಿಯೇಟರ್ ಇರುವ ಮನೆಯಾದರೆ, ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ, ಮೇನ್ ಮುಟ್ಟುವ ಮುಂಚೆ ತಿಳಿದವರನ್ನು ಕೇಳಿ.

ವಾಪಸ್ ಬಂದಾಗ ನಿದ್ದೆಗಣ್ಣಿನಲ್ಲಿ ವಾಲ್ವನ್ನು ಒಂದೇ ಸಲ ತಿರುಗಿಸುವುದು ಬೇಡ. ನಲ್ಲಿಗಳನ್ನು ಅರ್ಧ ತೆರೆದಿಟ್ಟು ಮೇನ್ ನಿಧಾನಕ್ಕೆ ಬಿಡುತ್ತೇನೆ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಒಂದೇ ಸಮ ಬರುತ್ತದೆ. ನಲ್ಲಿ ಮುಚ್ಚಿ ಮೀಟರ್ ನೋಡುತ್ತೇನೆ. ಮುಳ್ಳು ಅಲ್ಲಾಡುತ್ತಿದ್ದರೆ ಎಲ್ಲೋ ಸೋರುತ್ತಿದೆ, ಮೇನ್ ಮತ್ತೆ ಬಂದ್. ಅಲ್ಲಾಡದಿದ್ದರೆ ವಾಟರ್ ಹೀಟರ್ ಗುಂಡಿಯನ್ನು ಮೊದಲಿನ ಜಾಗಕ್ಕೆ ತಿರುಗಿಸುತ್ತೇನೆ.