ಬೆಳಿಗ್ಗೆ ಆರರ ಇಂಜೆಕ್ಷನ್

ವಿಜಯಪುರದ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಸಿಸ್ಟರ್ ಆಗಿದ್ದೇನೆ. ಹೊಟ್ಟೆ ಆಪರೇಷನ್ ಆದವರ ಡ್ರೆಸ್ಸಿಂಗ್ ಬಿಚ್ಚಿದರೆ ಹತ್ತರಲ್ಲಿ ಎರಡಾದರೂ ಕೀವು ಹಿಡಿದಿರುತ್ತಿದ್ದವು. ‘ಶುಗರ್ ಪೇಷಂಟು, ಎಮರ್ಜೆನ್ಸಿ ಕೇಸು, ಅಷ್ಟ ಆಗೋದು’ ಎನ್ನುತ್ತಿದ್ದರು. ಆದರೆ ಶುಗರ್ ಇಲ್ಲದ, ದಿನ ಗೊತ್ತುಮಾಡಿ ಮಾಡಿದ ಹರ್ನಿಯಾಗಳೂ ಕೆಡುತ್ತಿದ್ದವು. ಅದು ನನಗೆ ತಡೆಯಲಾಗಲಿಲ್ಲ.

ಮೊದಲು ಬ್ಲೇಡು ಬಿಡಿಸಿದೆ. ಹಿಂದಿನ ರಾತ್ರಿ ಬೋಳಿಸಿದ ಚರ್ಮದ ಗೀರುಗಳು ಬೆಳಗಾಗುವಷ್ಟರಲ್ಲಿ ಕೆಂಪಗೆ ಎದ್ದಿರುತ್ತವೆ. ಚರ್ಮ ಗೀರದೆ ಕೂದಲು ಕತ್ತರಿಸುವ ಕ್ಲಿಪ್ಪರ್ ಯಂತ್ರ ಕೇಳಿದರೆ ದುಡ್ಡಿಲ್ಲ ಎಂದರು. ನನ್ನ ಪಗಾರದಿಂದಲೇ ಸುಮಾರು 1,800 ರೂಪಾಯಿ ಹಾಕಿ ತಂದೆ. ಅಡ್ಡ ಬರದ ಕೂದಲನ್ನು ಮುಟ್ಟುವುದನ್ನೇ ಬಿಟ್ಟೆವು.

ಎರಡು ತಿಂಗಳಾದರೂ ಲೆಕ್ಕ ಇಳಿಯಲಿಲ್ಲ. ಒಂದು ರಾತ್ರಿ ಹಳೆಯ ಕೇಸ್‌ಶೀಟ್‌ಗಳನ್ನೆಲ್ಲ ಹರವಿಕೊಂಡು ಕುಳಿತೆ. ಗಾಯ ಕೀವಾಗದಿರಲೆಂದು ಆಪರೇಷನ್ನಿಗೆ ಮುಂಚೆ ಕೊಡುವ ಆಂಟಿಬಯೋಟಿಕ್ ಇಂಜೆಕ್ಷನ್ ಸೆಫಜೋಲಿನ್, ವಾರ್ಡಿನಲ್ಲಿ ಬೆಳಿಗ್ಗೆ ಆರಕ್ಕೇ ಹೋಗುತ್ತಿತ್ತು, ಥಿಯೇಟರಿನಲ್ಲಿ ಕೊಯ್ಯುತ್ತಿದ್ದುದು ಹನ್ನೊಂದಕ್ಕೆ. ಎರಡು ತಾಸಿಗೆ ರಕ್ತದಲ್ಲಿ ಅರ್ಧ ಉಳಿಯುವ ಔಷಧ ಅದು! ಎಷ್ಟೋ ಶೀಟಿನಲ್ಲಿ ಸಹಿ ನನ್ನದೇ. ಮರುದಿನದಿಂದ ಔಷಧದ ವಾಯಲ್ (ಸಣ್ಣ ಸೀಸೆ) ಅನ್ನು ಪೇಷಂಟಿನ ಜೊತೆಗೇ ಥಿಯೇಟರಿಗೆ ಕಳಿಸಿದೆ, ಕೊಯ್ಯುವ ಮುಂಚಿನ ಒಂದು ತಾಸಿನೊಳಗೆ ಕೊಡಲಿ ಎಂದು. ಎರಡು ವಾರ ಬೈಸಿಕೊಂಡೆ.

ಅದೇ ಹೊತ್ತಿಗೆ ಹೊಟ್ಟೆ ಆಪರೇಷನ್ ಆದ ಸಿಂದಗಿ ಕಡೆಯ ಅಜ್ಜಿಯೊಬ್ಬರು. ಐದು ದಿನ ಬರೀ ಗಂಜಿ. ಆರನೆಯ ದಿನ ಡ್ರೆಸ್ಸಿಂಗ್ ತೊಯ್ದಿತ್ತು, ದಾಳಿಂಬೆ ರಸಕ್ಕೆ ನೀರು ಬೆರೆಸಿದಂಥ ಬಣ್ಣ. ಮೇಲಿನ ಹೊಲಿಗೆ ನೆಟ್ಟಗಿದ್ದವು, ಒಳಗಿನದು ಬಿಟ್ಟಿತ್ತು. ಸಲೈನಿನಲ್ಲಿ ಅದ್ದಿದ ಪ್ಯಾಡ್ ಮುಚ್ಚಿ ಮತ್ತೆ ಥಿಯೇಟರಿಗೆ ಓಡಿಸಿದೆವು. ಎರಡನೇ ಆಪರೇಷನ್ನಿಗೆ ಮನೆಯವರು ಆಡು ಮಾರಿದರು. ಕೆಮ್ಮು, ರಕ್ತ ಕಡಿಮೆ, ಮೇಲೆ ಪಥ್ಯ, ಎಲ್ಲ ಕೂಡಿದ್ದವು.

ಈಗ ಡಾಕ್ಟರು ಊಟಕ್ಕೆ ಹೂಂ ಅಂದ ದಿನದಿಂದಲೇ ಬ್ಯಾಳಿ, ಹೆಸರುಕಾಳು, ಮೊಸರು, ತಿನ್ನುವವರಿಗೆ ತತ್ತಿ. ‘ಬ್ಯಾಳಿ ತಿಂದ್ರ ನಂಜಾಕ್ಕೈತ್ರಿ ಸಿಸ್ಟರ್’ ಎನ್ನುವ ಅತ್ತೆಯರನ್ನು ಒಪ್ಪಿಸಲು ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ವಾರ್ಡಿಗೆ ಬಂದರೆ ತೋರಿಸುತ್ತೇನೆ.

ನಡುವೆ ಡಾಕ್ಟರನ್ನು ಕೇಳಿ ತೆರೆದ ಗಾಯಕ್ಕೆ ಸಕ್ಕರೆ ತುಂಬಿಯೂ ನೋಡಿದೆ. ನಾತ ಹೋಯಿತು, ಗಾಯದ ತಳ ಕೆಂಪಾಗಿ ತುಂಬಿಕೊಂಡಿತು. ಆದರೆ ಬೇಸಿಗೆಯಲ್ಲಿ ಮಂಚಕ್ಕೆ ಇರುವೆ ಹತ್ತಿದವು, ಬಿಟ್ಟೆ.

ಕಳೆದ ನಲವತ್ತೋ ನಲವತ್ತೈದೋ ಹರ್ನಿಯಾದಲ್ಲಿ ಕೀವಾದದ್ದು ಒಂದು. ಮನೆಗೆ ಹೋದ ಮೇಲೆ ಕೆಡುವವೂ ಲೆಕ್ಕಕ್ಕೆ ಸಿಗಲಿ ಎಂದು ಮೂವತ್ತನೆಯ ದಿನದವರೆಗೂ ಫೋನ್ ಮಾಡಿ ಕೇಳಿದ ಲೆಕ್ಕ ಇದು. ಕ್ಲಿಪ್ಪರಿನ ಬಾಯಿ ಸವೆದಿತ್ತು. ಹೋದ ತಿಂಗಳು ಹೊಸದನ್ನು ಆಸ್ಪತ್ರೆಯ ದುಡ್ಡಿನಲ್ಲೇ ತರಿಸಿಕೊಂಡೆ.