ಧಾರವಾಡದ ಎರೆಮಣ್ಣಿನಲ್ಲಿ ಜುಕಿನಿ, ಪಕ್ಕದಲ್ಲಿ ಜೀನಿಯಾ

ಜುಕಿನಿ ಬೆಳೆಯಬೇಕೆಂದರೆ ನಾನು ಮೊದಲು ಹಾಕುವುದು ಹೂವಿನ ಬೀಜ. ಜೀನಿಯಾ, ಕಾಸ್ಮಾಸ್ ಅರಳಲು ಸುಮಾರು 50ರಿಂದ 60 ದಿನ ಬೇಕು. ಜುಕಿನಿ 35–40 ದಿನಕ್ಕೇ ಹೂ ಬಿಡುತ್ತದೆ. ಹೂವಿನ ಬೀಜ ಮೂರು ವಾರ ಮುಂಚೆ ಬಿದ್ದರೆ ಎರಡೂ ಒಟ್ಟಿಗೆ ಅರಳುತ್ತವೆ, ಜೇನು ಬರುತ್ತದೆ. ಒಂಟಿ ಸುತ್ತು ಎಸಳಿನ ತಳಿಯೇ ಇರಲಿ. ಎಸಳು ಒತ್ತಾಗಿದ್ದರೆ ಜೇನಿಗೆ ಪರಾಗ ಸುಲಭಕ್ಕೆ ಸಿಗುವುದಿಲ್ಲ.

ಅಕ್ಟೋಬರ್ ಮೊದಲ ವಾರ ಇನ್ನೂ ಮಳೆ ಇರುವುದರಿಂದ ಹೂವಿನ ಬೀಜವನ್ನು ಸೂರಿನಡಿ ಟ್ರೇನಲ್ಲಿ ಹಾಕಿ, ಅರ್ಧ ಸೆಂ.ಮೀ. ಮಣ್ಣು ಮುಚ್ಚುತ್ತೇನೆ. ಸಸಿಯ ಬುಡ ಕಪ್ಪಾಗಿ ಮಲಗಿದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ನಾಲ್ಕೆಲೆ ಬಂದಾಗ ಮಡಿಯ ಅಂಚಿಗೆ ನಾಟಿ ಮಾಡಬೇಕು.

ಜುಕಿನಿ ಬೇರಿಗೆ ನಾಟಿ ಆಗಿಬರುವುದಿಲ್ಲ. ಮಳೆ ತಗ್ಗಿದ ಮೇಲೆ ನೇರವಾಗಿ ಮಡಿಯಲ್ಲೇ ಊರುತ್ತೇನೆ. ಎರೆಮಣ್ಣು ನೀರು ಹಿಡಿದು ಬೀಜ ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಅದಕ್ಕೇ ಒಂದು ಅಡಿ ಎತ್ತರದ ಏರುಮಡಿ ಮಾಡಿ, ಪ್ರತಿ ಗುಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ಮರಳು ಬೆರೆಸುತ್ತೇನೆ. ಗುಣಿಯಿಂದ ಗುಣಿಗೆ ಮೂರು ಅಡಿ. ಎರಡೆರಡು ಬೀಜ, 2 ಸೆಂ.ಮೀ. ಆಳ, ಎರಡೂ ಮೊಳೆತರೆ ಬಡವಾದದ್ದನ್ನು ಕೀಳದೆ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ.

ಮೊದಮೊದಲು ಬರುವುದು ಹೆಚ್ಚಾಗಿ ಗಂಡು ಹೂ. ತೊಟ್ಟು ತೆಳ್ಳಗೆ, ಉದ್ದ. ಹೆಣ್ಣು ಹೂವಿನ ಕೆಳಗೆ ಬೆರಳಿನಷ್ಟು ಹೀಚು ಇರುತ್ತದೆ. ಆ ಹೀಚು ತುದಿಯಿಂದ ಹಳದಿಯಾಗಿ ಮೆತ್ತಗಾದರೆ ಹೆಚ್ಚಾಗಿ ಪರಾಗ ಸಾಲದ್ದೇ ಕಾರಣ. ಗೊಬ್ಬರ ಸುರಿದು ಪ್ರಯೋಜನವಿಲ್ಲ. ಹೂ ತೆರೆದಿರುವುದು ಬೆಳಗಿನ ಕೆಲವೇ ತಾಸು. ಮೋಡ ಕವಿದು ಜೇನು ಕಾಣದ ದಿನ ಒಂಬತ್ತರೊಳಗೆ ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಶಲಾಕಾಗ್ರದ (ನಡುವೆ ಪರಾಗ ಹಿಡಿಯುವ ಅಂಟು ತುದಿ) ಎಲ್ಲ ಹೋಳುಗಳಿಗೂ ಒರೆಸುತ್ತೇನೆ. ಒಂದು ಹೋಳು ತಪ್ಪಿದರೂ ಕಾಯಿ ಸೊಟ್ಟಾಗಬಹುದು. ಔಷಧ ಸಿಂಪಡಿಸುವುದಿದ್ದರೆ ಸಂಜೆಯೇ ಸರಿ, ಬೇವಿನೆಣ್ಣೆಯಾದರೂ ಅಷ್ಟೇ.

ಕೆಂಪು ದುಂಬಿ ಎಳೆ ಎಲೆಗೆ ತೂತು ಕೊರೆಯುತ್ತದೆ. ನಸುಕಿನಲ್ಲಿ ಮಂಕಾಗಿರುವಾಗ ಆರಿಸಿ ಸೋಪಿನ ನೀರಿಗೆ ಹಾಕಿ. ಬಿಳಿ ಬೂದಿ ರೋಗ ಕಂಡರೆ ಕೆಳಗಿನ ಎಲೆ ಮೊದಲು ತೆಗೆಯಿರಿ. ಎಲೆ ಮುದುಡಿ ಹಳದಿ-ಹಸಿರು ಮಚ್ಚೆ ಬಂದ ಗಿಡವನ್ನು ಬುಡಸಮೇತ ಕಿತ್ತುಬಿಡಿ, ನಂಜು ರೋಗಕ್ಕೆ ಮದ್ದಿಲ್ಲ.

ಕಾಯಿ 15–20 ಸೆಂ.ಮೀ. ಆದಾಗ ಚಾಕುವಿನಿಂದ ತೊಟ್ಟು ಸಮೇತ ಕೊಯ್ಯಿರಿ. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಹೊಸ ಹೀಚು ಕಟ್ಟುವುದನ್ನು ತಗ್ಗಿಸುತ್ತದೆ. ಬಾಡಿದ ಜೀನಿಯಾ ಹೂವನ್ನೂ ಅದೇ ಸುತ್ತಿನಲ್ಲಿ ಚಿವುಟುತ್ತ ಬನ್ನಿ.