ಕಮಲಾಪುರ ದಾಟಿದ ಮೇಲೆಯೇ ಪಾಸ್ತಾ

ಮೊದಲ ಸಲ ಮಿನೆಸ್ಟ್ರೋನೆ, ಅಂದರೆ ಇಟಲಿಯವರ ಕಾಳು, ತರಕಾರಿ, ಪಾಸ್ತಾದ ಸೂಪ್ ಮಾಡಿದಾಗ ನಮ್ಮ ಅವ್ವ ಬಟ್ಟಲಿನ ನಡುವೆ ಚಮಚ ನೆಟ್ಟಳು. ಚಮಚ ಬೀಳಲಿಲ್ಲ. ನೆಟ್ಟಗೆ ನಿಂತಿತು.

"ಇದು ಸೂಪ್ ಅಲ್ಲೋ ತಮ್ಮಾ, ಎಲೆಕ್ಷನ್ ಪೋಸ್ಟರ್ ಹಚ್ಚೋ ಅಂಟು."

ತಪ್ಪು ನನ್ನದೇ. ಬೆಳಿಗ್ಗೆ ಒಂಬತ್ತಕ್ಕೆ ಕಾಳು, ತರಕಾರಿ, ನೀರು, ಮ್ಯಾಕರೋನಿ ಪಾಸ್ತಾ ಎಲ್ಲ ಒಟ್ಟಿಗೆ ಸ್ಲೋ ಕುಕರಿಗೆ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಸುರಿದು, ಮುಚ್ಚಳ ಮುಚ್ಚಿ ಕಾಲೇಜಿಗೆ ಹೋಗಿದ್ದೆ. ಸಂಜೆ ಐದಕ್ಕೆ ಬಂದು ನೋಡಿದರೆ ಮ್ಯಾಕರೋನಿ ಅನ್ನೋದೇ ಇರಲಿಲ್ಲ. ಕರಗಿ, ಇದ್ದ ನೀರನ್ನೆಲ್ಲ ಕುಡಿದು ಮುದ್ದೆಯಾಗಿತ್ತು. ಅವತ್ತು ರಾತ್ರಿ ಮೂರೂ ಜನ ರೊಟ್ಟಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿ ಪುಡಿ), ಮೊಸರು ತಿಂದು ಮಲಗಿದೆವು.

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ. ಹೆಂಡತಿ ಬೀದರಿನಲ್ಲಿ ನರ್ಸ್. ಶನಿವಾರ ಸಂಜೆ ಬಸ್ ಹತ್ತಿ ಬರುತ್ತಾಳೆ. 2017ರಲ್ಲಿ ಕಲಬುರಗಿ-ಬೀದರ್ ನಡುವೆ ನೇರ ರೈಲು ಮಾರ್ಗ ಬಂತೇನೋ ಹೌದು, ಆದರೆ ಅವಳ ಡ್ಯೂಟಿಗೂ ರೈಲಿನ ಟೈಮಿಗೂ ಹೊಂದುವುದಿಲ್ಲ. ಬಸ್ಸು ಒಮ್ಮೆ ಏಳಕ್ಕೆ ಬರುತ್ತದೆ, ಒಮ್ಮೆ ಒಂಬತ್ತೂವರೆಗೆ. ಆರು ದಿನ ಕ್ಯಾಂಟೀನ್ ಊಟ ಉಂಡು ಬಂದವಳಿಗೆ ಶನಿವಾರ ನಾನೇ ಅಡುಗೆ ಮಾಡಿ ಬಿಸಿಯಾಗಿ ಬಡಿಸಬೇಕು ಅನ್ನೋದು ನನ್ನ ಹಟ. ಯಾವಾಗ ಬರುತ್ತಾಳೋ ಗೊತ್ತಿಲ್ಲದವರಿಗೆ ಬಿಸಿ ಊಟ ಕಾಯ್ದಿಡುವುದು ಹೇಗೆ? ಸ್ಲೋ ಕುಕರ್ ನಮ್ಮ ಮನೆಗೆ ಬಂದದ್ದೇ ಈ ಲೆಕ್ಕ ಬಿಡಿಸಲು.

ಬಂದದ್ದು ಮಾತ್ರ ಎರಡನೇ ಯತ್ನದಲ್ಲಿ. ಮೊದಲನೆಯದು ಹೆಂಡತಿಯ ಅಣ್ಣ ಅಮೆರಿಕದಿಂದ ತಂದುಕೊಟ್ಟದ್ದು. ಪಿನ್ ಹೊಂದಲ್ಲ ಅಂತ ಒಂದು ಅಡಾಪ್ಟರ್ ತಂದು ಚುಚ್ಚಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ, ಮನೆಯೆಲ್ಲ ಕತ್ತಲೆ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ವೋಲ್ಟೇಜ್ ಎರಡರಷ್ಟಾದರೆ ಶಾಖ ಎರಡರಷ್ಟಲ್ಲ, ಹೆಚ್ಚು ಕಡಿಮೆ ನಾಲ್ಕರಷ್ಟು. ವರ್ಗದ ಲೆಕ್ಕ. ವರ್ಷವಿಡೀ ಮಕ್ಕಳಿಗೆ ವರ್ಗಮೂಲ ಹೇಳುವವನು ಮನೆಯಲ್ಲಿ ಇಷ್ಟನ್ನು ಮರೆತೆ! ಒಳಗಿನ ಪಿಂಗಾಣಿ ಪಾತ್ರೆ ಉಳಿಯಿತು. ಅದರಲ್ಲಿ ಈಗ ಅವ್ವನ ಮಾವಿನ ಉಪ್ಪಿನಕಾಯಿ ಇದೆ.

ಆಮೇಲೆ ಇಲ್ಲಿನ ಕರೆಂಟಿಗೆ ಹೊಂದುವ, ಐದು ಲೀಟರಿನದು ತರಿಸಿದೆ. ಗುಂಡಿ ತಿರುಗಿಸುವಂಥದ್ದೇ ಬೇಕು ಅಂತ ಹುಡುಕಿ ತರಿಸಿದೆ. ಡಿಜಿಟಲ್ ಇದ್ದರೆ ಒಮ್ಮೆ ಕರೆಂಟ್ ಹೋಗಿ ಬಂದಾಗ ಹೆಚ್ಚಿನವು ಸುಮ್ನೆ ಆಫ್ ಆಗಿ ಕೂತಿರುತ್ತವೆ. ಗುಂಡಿಯದು ಮತ್ತೆ ತಾನೇ ಶುರುವಾಗುತ್ತದೆ. ಹಿಂದೆ 240 ವ್ಯಾಟ್ ಅಂತ ಬರೆದಿದೆ. ಎಂಟು ಗಂಟೆ ನಡೆದರೂ ಎರಡು ಯೂನಿಟ್ ದಾಟುವುದಿಲ್ಲ.

ಅಂಟಿನ ಕತೆ ನಗುವಂಥದ್ದು. ಎರಡನೇ ಶನಿವಾರದ್ದು ಹಾಗಲ್ಲ. ರಾಜ್ಮಾ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಹಾಗೇ ಕುಕರಿಗೆ ಹಾಕಿದೆ. ಸಂಜೆ ಕಾಳು ಮೆತ್ತಗೇ ಕಂಡಿತು. ಉಂಡ ಎರಡು ಮೂರು ಗಂಟೆಯೊಳಗೆ ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ಓಡಿದೆವು. ವಾಂತಿ. ಅವ್ವನಿಗೆ ಜಾಸ್ತಿಯೇ ಆಯಿತು. ಹೆಂಡತಿ ಓಆರ್‌ಎಸ್ ಕಲಸುತ್ತಲೇ ಕೇಳಿದಳು: "ಏನ್ರೀ, ರಾಜ್ಮಾ ಕುದಿಸಿ ಹಾಕಿದ್ರಿಲ್ಲೋ?"

ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಅನ್ನುವ ವಿಷವಿದೆ. ಗಳಗಳ ಕುದಿಯುವ ನೀರಿನಲ್ಲಿ ಹಾಳಾಗುತ್ತದೆ. ಆದರೆ ಸ್ಲೋ ಕುಕರ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯ ಹತ್ತಿರವೂ ಹೋಗುವುದಿಲ್ಲ. ಅಂಥ ಬಿಸಿಯಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ತೊಂದರೆ ಕೊಡಬಹುದಂತೆ. ಐದು ಗಂಟೆಗೆ ಕಡಿಮೆಯಿಲ್ಲದೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಗಳಗಳ ಕುದಿಸಬೇಕು. ಹತ್ತು ನಿಮಿಷ ಅಂತಾರೆ, ಅರ್ಧ ಗಂಟೆ ಕುದಿಸಿದರೆ ಇನ್ನೂ ವಾಸಿ. ಪ್ರೆಶರ್ ಕುಕರಿನಲ್ಲಿ ಬೇಯಿಸಿಕೊಂಡರೆ ಈ ಚಿಂತೆಯೇ ಇಲ್ಲ. ನಾನಂತೂ ರಾಜ್ಮಾ ಬಿಟ್ಟೆ. ಕಾಬೂಲಿ ಕಡಲೆಗೆ ಬಂದೆ. ಇಟಲಿಯವರ ಮಿನೆಸ್ಟ್ರೋನೆಯಲ್ಲಿ ಇಂಥದ್ದೇ ಕಾಳು ಹಾಕಬೇಕು ಅಂತ ಕಟ್ಟುಪಾಡೇನೂ ಇಲ್ಲ. ಆ ಕಾಲಕ್ಕೆ ಏನು ಸಿಗುತ್ತದೋ ಅದೇ ಹಾಕುತ್ತಾರೆ.

ಕಡಲೆಯೂ ಸುಲಭಕ್ಕೆ ಬಗ್ಗಲಿಲ್ಲ. ಎಂಟು ಗಂಟೆ ಬೆಂದರೂ ಗೋಲಿಯ ಹಾಗೆ ಗಟ್ಟಿ. ನಮ್ಮ ಮನೆಯ ಬೋರ್ ನೀರು ಗಡಸು. ಬಕೆಟ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆ ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಅದರ ಮೇಲೆ ನಾನು ಮೊದಲೇ ಟಮಾಟಿ ಹಾಕಿದ್ದೆ. ಹುಳಿ ಬಿದ್ದರೂ ಕಾಳು ಮೆತ್ತಗಾಗಲು ಒಪ್ಪುವುದಿಲ್ಲ. ಈಗ ನೆನೆಸುವುದಕ್ಕೂ ಬೇಯಿಸುವುದಕ್ಕೂ ಫಿಲ್ಟರ್ ನೀರು. ನೆನೆಸುವಾಗ ಚಿಟಿಕೆ ಅಡುಗೆ ಸೋಡಾ. ಟಮಾಟಿ ಕೊನೆಯ ಎರಡು ಗಂಟೆಗೆ. ಇಷ್ಟು ಬದಲಿಸಿದ್ದಕ್ಕೇ ಕಡಲೆ ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಯಿತು. (ಟಮಾಟಿ ರಸ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಚೆಲ್ಲಿದರೆ ತಕ್ಷಣ ಒರೆಸಿ. ಸುಣ್ಣದ ಕಲ್ಲು ಅದು, ಹುಳಿ ತಿಂದ ಕಲೆ ಹೋಗುವುದೇ ಇಲ್ಲ. ನಮ್ಮ ಕಟ್ಟೆ ಮೇಲೆ ಮೂರಿವೆ.)

ಈಗ ಹೇಗೆ ಮಾಡುತ್ತೇನೆ ಹೇಳುತ್ತೇನೆ. ನಾಲ್ಕೈದು ಜನಕ್ಕೆ ಆಗುತ್ತದೆ.

ಶುಕ್ರವಾರ ರಾತ್ರಿ ಒಂದು ಕಪ್ ಕಾಬೂಲಿ ಕಡಲೆ ನೆನೆಸುತ್ತೇನೆ. ಶನಿವಾರ ಬೆಳಿಗ್ಗೆ ಅದನ್ನು ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ ಬಸಿಯುತ್ತೇನೆ. ಅದೇ ಹೊತ್ತಿಗೆ ಪಕ್ಕದ ಒಲೆಯಲ್ಲಿ ಎರಡು ಚಮಚ ಕುಸುಬಿ ಎಣ್ಣೆ, ಎರಡು ದೊಡ್ಡ ಉಳ್ಳಾಗಡ್ಡಿ, ಎಂಟು ಹತ್ತು ಎಸಳು ಬಳ್ಳೊಳ್ಳಿ. ಉಳ್ಳಾಗಡ್ಡಿ ಅಂಚು ಕೆಂಪಾಗುವ ತನಕ ಹುರಿಯಲೇಬೇಕು. ಎಲ್ಲ ಒಮ್ಮೆಲೇ ಹಾಕಿ ಹೋಗಿ ಅಂತ ಹೇಳುವವರ ಮಾತು ಕೇಳಬೇಡಿ. ಸ್ಲೋ ಕುಕರ್ ಬೇಯಿಸುತ್ತದೆ, ಹುರಿಯುವುದಿಲ್ಲ. ಹುರಿಯದ ಉಳ್ಳಾಗಡ್ಡಿಯ ಸೂಪ್ ಆಸ್ಪತ್ರೆ ಊಟದ ವಾಸನೆ ಹೊಡೆಯುತ್ತದೆ.

ಪಾತ್ರೆಯ ತಳಕ್ಕೆ, ಗೋಡೆಗೆ ತಾಗುವ ಹಾಗೆ ಆಲೂಗಡ್ಡೆ ಎರಡು, ಗಜ್ಜರಿ ಮೂರು. ಗಡ್ಡೆ ತರಕಾರಿ ಇದರಲ್ಲಿ ನಿಧಾನ ಬೇಯುತ್ತವೆ. ಬಿಸಿ ಸುತ್ತಲಿನ ಗೋಡೆಯಿಂದ ಬರುವುದರಿಂದ ಅವಕ್ಕೆ ಅಲ್ಲೇ ಜಾಗ ಕೊಡಬೇಕು. ಮೇಲೆ ಕಡಲೆ, ಹುರಿದ ಉಳ್ಳಾಗಡ್ಡಿ, ಒಂದು ಹಿಡಿ ಬೀನ್ಸ್, ಎರಡು ಪಲಾವ್ ಎಲೆ, ಜಜ್ಜಿದ ಮೆಣಸು.

ಇನ್ನು ನಮ್ಮೂರಿನದು: ಅರ್ಧ ಕಪ್ ತೊಗರಿ ಬ್ಯಾಳಿ. ಅಂಗಡಿ ಸೂಪಿಗೆ ಮಂದ ಬರಲು ಕಾರ್ನ್‌ಫ್ಲೋರ್ ಅಥವಾ ಕ್ರೀಮ್ ಹಾಕುತ್ತಾರೆ. ತೊಗರಿಯ ಕಣಜದಲ್ಲಿ ಕೂತು ಕಾರ್ನ್‌ಫ್ಲೋರ್ ಯಾಕೆ? 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಅನ್ನುವ ಸರಕಾರಿ ಗುರುತು) ಸಿಕ್ಕಿದ ಬ್ಯಾಳಿ ಮನೆಯ ಡಬ್ಬಿಯಲ್ಲೇ ಇದೆ. ಎಂಟು ಗಂಟೆ ಬೆಂದ ಬ್ಯಾಳಿ ಕಾಣುವುದಿಲ್ಲ, ಪೂರ್ತಿ ಕರಗಿರುತ್ತದೆ. ಸೂಪಿಗೆ ಮೈ ಬರುತ್ತದೆ, ಹೊಟ್ಟೆ ತುಂಬುತ್ತದೆ. ಅರ್ಧ ಕಪ್‌ಗಿಂತ ಜಾಸ್ತಿ ಬೇಡ. ಒಮ್ಮೆ ಒಂದು ಕಪ್ ಹಾಕಿ, ಅದು ಸೀದಾ ಬ್ಯಾಳಿ ಸಾರೇ ಆಗಿತ್ತು.

ನೀರು ಒಂದೂವರೆ ಲೀಟರ್, ಬಿಸಿ ನೀರು. ಒಲೆಯ ಮೇಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಬೀಳುತ್ತದೆ, ಆರುವುದು ತೀರಾ ಕಡಿಮೆ. ಆದರೆ ಫ್ರಿಜ್‌ನಿಂದ ತೆಗೆದ ತಣ್ಣನೆ ಪಿಂಗಾಣಿಗೆ ಕುದಿಯುವ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಿರಲಿ. ಲೋ ಇಟ್ಟು ಎಂಟು ಗಂಟೆ.

ಅವ್ವನನ್ನು ಮುಚ್ಚಳದಿಂದ ದೂರ ಇಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಗಾಜಿನ ಮುಚ್ಚಳ ಇದ್ದರೂ ಅರ್ಧ ಗಂಟೆಗೊಮ್ಮೆ ತೆಗೆದು ಸೌಟು ಆಡಿಸುತ್ತಾಳೆ. ಒಮ್ಮೆ ತೆಗೆದರೆ ಕಳೆದ ಬಿಸಿ ತುಂಬಿಕೊಳ್ಳಲು ಅದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು.

"ಮುಚ್ಚಳ ತೆಗದು ನೋಡ್ಲಾಕೂ ಬ್ಯಾಡಂದ್ರ ಅದೆಂಥಾ ಅಡಗಿನೋ? ಮಂತ್ರ ಹಾಕಿಟ್ಟೀಯೇನು?"

ಆಮೇಲೆ ಅವಳೇ ಒಂದು ದಿನ ಹೇಳಿದಳು, ಅವಳ ತವರಿನಲ್ಲಿ ರಾತ್ರಿ ಊಟವಾದ ಮೇಲೆ ಕುಳ್ಳಿನ ಕೆಂಡದ ಮೇಲೆ ಬೂದಿ ಮುಚ್ಚಿ, ಅದರ ಮೇಲೆ ಹಾಲಿನ ಗಡಿಗೆ ಇಡುತ್ತಿದ್ದರಂತೆ. ಬೆಳಗಿನ ತನಕ ಯಾರೂ ಮುಟ್ಟುವಂತಿರಲಿಲ್ಲ. "ಹಂಗಾದ್ರ ಇದೂ ಅದೇ ಅಲ್ಲೇನು" ಅಂದಳು. ಅವತ್ತಿನಿಂದ ಮುಚ್ಚಳ ತೆಗೆಯುವುದು ಸ್ವಲ್ಪ ಕಮ್ಮಿಯಾಗಿದೆ. ಈ ಯಂತ್ರ ಹುಟ್ಟಿದ್ದೂ ಇಂಥದ್ದೇ ಮಾತಿನಿಂದ. ಅಮೆರಿಕದ ಇರ್ವಿಂಗ್ ನಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದಲ್ಲಿ ಶುಕ್ರವಾರ ಸಂಜೆ ಕಾಳಿನ ಗಡಿಗೆಯನ್ನು ಬೇಕರಿಯವನ ಒಲೆಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದರು ಅಂತ ಅವರ ತಾಯಿ ಹೇಳಿದ ಕತೆಯೇ ಅವರಿಗೆ ಮೂಲ. ಕಾಳು ಬೇಯಿಸಲೆಂದೇ ಹುಟ್ಟಿದ ಪಾತ್ರೆ ಇದು. ಪಾಸ್ತಾ ಬೇಯಿಸಲು ಅಲ್ಲ. ನನಗೆ ಇದು ಮೊದಲೇ ಗೊತ್ತಿದ್ದರೆ ಆ ಅಂಟು ಆಗುತ್ತಿರಲಿಲ್ಲ.

ಕರೆಂಟಿನ ಮಾತು ಹೇಳಲೇಬೇಕು. ಲೈನ್ ಕೆಲಸ ಅಂತ ಬೆಳಿಗ್ಗೆ ಹತ್ತರಿಂದ ಸಂಜೆ ತನಕ ತೆಗೆಯುವ ದಿನ ಸ್ಲೋ ಕುಕರಿನ ಸುದ್ದಿಗೇ ಹೋಗುವುದಿಲ್ಲ. ನಡುವೆ ಅರ್ಧ ಗಂಟೆ ಹೋಗಿ ಬಂದರೆ ಪರವಾಗಿಲ್ಲ, ಪಿಂಗಾಣಿ ಬಿಸಿ ಹಿಡಿದಿರುತ್ತದೆ, ಮುಚ್ಚಳ ಮಾತ್ರ ತೆಗೆಯಬಾರದು. ಒಂದು ಗಂಟೆ ದಾಟಿದರೆ ಅವ್ವ ಎಲ್ಲವನ್ನೂ ಪ್ರೆಶರ್ ಕುಕರಿಗೆ ಸುರಿದು ಗ್ಯಾಸಿಗೆ ಇಡುತ್ತಾಳೆ. ಉಗುರು ಬೆಚ್ಚಗಿನ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹಾಗೇ ಇದ್ದರೆ ಕೆಡಲು ಶುರು. ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆ ಸಾಕು. ಮನೆಯಲ್ಲಿ ಯಾರೂ ಇಲ್ಲದ ದಿನ ಇದನ್ನು ಹಚ್ಚಿ ಹೋಗುವುದಿಲ್ಲ. ಗುಂಡಿಯ ಕುಕರ್ ಮತ್ತೆ ತಾನೇ ಶುರುವಾಗುತ್ತದೆ ಅಂದೆನಲ್ಲ, ಅದರ ಕೆಟ್ಟ ಮುಖ ಇದು: ನಡುವೆ ನಾಲ್ಕು ಗಂಟೆ ಸತ್ತಿದ್ದರೂ ಸಂಜೆ ಬಂದವರಿಗೆ ಗೊತ್ತಾಗುವುದಿಲ್ಲ.

ಮೂರು ಗಂಟೆಗೆ ನಾನು ಬಂದ ಮೇಲೆ ಟಮಾಟಿ ಐದು, ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಉಪ್ಪೂ ಆಗಲೇ. ಐದಕ್ಕೆ ಎರಡು ಹಿಡಿ ಪಾಲಕ್, ಮೆಂತ್ಯೆ ಸಿಕ್ಕರೆ ಅರ್ಧ ಹಿಡಿ. ಗುಂಡಿ ವಾರ್ಮ್‌ಗೆ. ಕುಂಡದಲ್ಲಿ ಕಾಮಕಸ್ತೂರಿ ಇದೆ, ಅದೇ ನಮ್ಮ ಬೇಸಿಲ್. ಐದಾರು ಎಲೆ ಬಡಿಸುವಾಗ ಹರಿದು ಹಾಕಿದರೆ ಆಯಿತು. ಹುಳಿಯ ಪುಂಡಿ ಸೊಪ್ಪು ಹಾಕಿಯೂ ನೋಡಿದ್ದೇನೆ. ಟಮಾಟಿ ಎರಡಕ್ಕೆ ಇಳಿಸಬೇಕಾಗುತ್ತದೆ. ನನಗೆ ಬಹಳ ಸೇರಿತು, ಹೆಂಡತಿಗೆ ಸೇರಲಿಲ್ಲ.

ಪಾಸ್ತಾ ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ. ಸೂಪರ್ ಮಾರ್ಕೆಟ್ ಕಡೆ ಸಿಗುವ ಎಲ್ಬೋ ಮ್ಯಾಕರೋನಿ ಸಾಕು, ಆದರೆ ಪ್ಯಾಕೆಟ್ ತಿರುಗಿಸಿ ಓದಿ. ಡ್ಯೂರಮ್ ಗೋಧಿ ರವೆಯದು ಇರಲಿ. ಮೈದಾದ್ದು ಬೇಗ ಮೆತ್ತಗಾಗಿ ಒಡೆಯುತ್ತದೆ. ಹೆಂಡತಿಗೆ ಒಂದೇ ಕೆಲಸ: ಬಸ್ಸು ಕಮಲಾಪುರ ದಾಟಿದಾಗ ಫೋನ್ ಮಾಡುವುದು. ಅಲ್ಲಿಂದ ಬಸ್ ಸ್ಟ್ಯಾಂಡ್, ಆಟೋ, ಮನೆ ಸೇರಿ ಒಂದು ಗಂಟೆಯ ಮೇಲೆ. ನಲವತ್ತು ನಿಮಿಷ ಬಿಟ್ಟು ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಕುದಿಯಲು ಇಡುತ್ತೇನೆ. ಒಂದೂವರೆ ಕಪ್ ಮ್ಯಾಕರೋನಿ, ಏಳು ನಿಮಿಷ. ಕಚ್ಚಿದರೆ ನಡುವೆ ಚೂರು ಗಟ್ಟಿ ಇರಬೇಕು, ಸೂಪಿನ ಬಿಸಿಗೆ ಉಳಿದದ್ದು ಬೇಯುತ್ತದೆ. ಬಸಿದು, ಒಂದು ಹನಿ ಎಣ್ಣೆ ಸವರಿ ಬೇರೆ ಇಡುತ್ತೇನೆ. ಬಟ್ಟಲಿಗೆ ಮೊದಲು ಪಾಸ್ತಾ, ಮೇಲೆ ಸೂಪ್, ಅದರ ಮೇಲೆ ತುರಿದ ಚೀಸ್.

ಅವ್ವನ ಬಟ್ಟಲಿಗೆ ಚೀಸ್ ಇಲ್ಲ, ಶೇಂಗಾ ಹಿಂಡಿ. ನಗಬೇಡಿ, ಹಾಕಿ ನೋಡಿ. ಎರಡು ಚಮಚ ತಿಂದು ಅವಳು ಅಂದದ್ದು: "ಇದು ನಮ್ಮ ಭಜ್ಜಿನೇ ಬಿಡು, ಪರದೇಶಕ್ಕ ಹೋಗಿ ಬಂದದ." ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿಯಲ್ಲಿ ಹಸಿ ತೊಗರಿ, ಅವರೆ, ಕಡಲೆ, ಗಜ್ಜರಿ, ಬದನೆ, ನಾಲ್ಕಾರು ಸೊಪ್ಪು ಎಲ್ಲ ಕೂಡಿ ಬೆಂದಿರುತ್ತದೆ. ಲೆಕ್ಕ ಹಾಕಿದರೆ ಅವಳ ಮಾತು ಸುಳ್ಳಲ್ಲ. ಬ್ಯಾಳಿಯಲ್ಲಿ ಗೋಧಿ ಹಿಟ್ಟಿನ ತುಂಡು ಬೇಯಿಸುವ ವರಣಫಳ ನಮ್ಮ ಪಕ್ಕದ ಮರಾಠಿ ಮನೆಯಲ್ಲಿ ವಾರಕ್ಕೊಮ್ಮೆ ಮಾಡುತ್ತಾರೆ. ಮದುವೆಗೆ ಶ್ಯಾವಿಗೆ, ಗವಲಿ ಮಾಡಿಡುವ ಊರಿನವರಿಗೆ ಪಾಸ್ತಾ ಎಷ್ಟು ಹೊಸದು, ಅಲ್ವಾ?

ಉಳಿದ ಸೂಪನ್ನು ರಾತ್ರಿಯೇ ಅಗಲ ಡಬ್ಬಿಗೆ ಬಗ್ಗಿಸಿ, ಬಿಸಿ ಆರಿದ ಕೂಡಲೇ ಫ್ರಿಜ್‌ಗೆ. ಪಿಂಗಾಣಿ ಸಮೇತ ಇಟ್ಟರೆ ನಡುಭಾಗ ತಣ್ಣಗಾಗಲು ತೀರಾ ಹೊತ್ತು ಹಿಡಿಯುತ್ತದೆ. ಪಾಸ್ತಾ ಬೇರೆ ಡಬ್ಬಿಯಲ್ಲಿ. ಭಾನುವಾರ ಬೆಳಿಗ್ಗೆ ಸೂಪ್ ಇನ್ನಷ್ಟು ಮಂದವಾಗಿರುತ್ತದೆ. ಅರ್ಧ ಲೋಟ ನೀರು ಸೇರಿಸಿ ಚೆನ್ನಾಗಿ ಕುದಿಸುತ್ತೇನೆ. ಹೆಂಡತಿಗೂ ನನಗೂ ಮತ್ತೆ ಪಾಸ್ತಾ. ಅವ್ವ ಅದರ ಸುದ್ದಿಗೇ ಬರುವುದಿಲ್ಲ. ಡಬ್ಬಿಯಿಂದ ಎರಡು ಖಡಕ್ ರೊಟ್ಟಿ ತೆಗೆದು, ಲಟಲಟ ಮುರಿದು ಬಟ್ಟಲಿಗೆ ಹಾಕಿಕೊಂಡು, ಮೇಲೆ ಬಿಸಿ ಸೂಪ್ ಸುರಿದುಕೊಳ್ಳುತ್ತಾಳೆ. ಹೋದ ವಾರ ನಾನೂ ಹಾಗೇ ತಿಂದೆ.